ಇದೇಽ ಎಂದಲ್ಲಿ ನಿಂತ ಯಂತ್ರ

ನಮ್ಮನೆಯವರ ಧ್ವನಿಯನ್ನು ನಾನು ವರ್ಷಗಟ್ಟಲೆ ಕತ್ತರಿಸಿ ಎಸೆದಿದ್ದೇನೆ. ಅದು ನನ್ನ ಕೆಲಸವೇ ಆಗಿತ್ತು. ಶಿರಸಿಯಲ್ಲಿ ನನ್ನದೊಂದು ವೀಡಿಯೋ ಅಂಗಡಿ. ಮದುವೆ, ಮುಂಜಿ, ಮನೆ ಒಕ್ಕಲು ಯಾವುದಿದ್ದರೂ ಕ್ಯಾಮೆರಾ ಹಿಡಿಯುವವಳು ನಾನು, ಲೈಟು ಹಿಡಿಯುವವರು ಇವರು. ಇವರ ಸ್ವಂತ ಕಸುಬು ಇನ್ವರ್ಟರ್ ರಿಪೇರಿ. ಸೀಸನ್ನಿನಲ್ಲಿ ಮಾತ್ರ ನನ್ನ ಸಹಾಯಕ್ಕೆ ಬರುತ್ತಿದ್ದರು. ಬಂದವರು ಬಾಯಿ ಮುಚ್ಚಿಕೊಂಡು ಇರಬೇಕಲ್ಲ? ಅಲ್ಲಿ ಭಟ್ಟರು ಮಂತ್ರ ಹೇಳುತ್ತಿದ್ದರೆ ಇಲ್ಲಿ ಇವರು, "ಇದೇಽ, ಲೈಟು ಹಿಂದೆ ಸರ್ಸವನೇ?" ಎಂದು ಕೂಗುವುದು. ಹುಲೇಕಲ್ಲಿನ ಒಂದು ಮದುವೆಯಲ್ಲಂತೂ ಧಾರೆ ಎರೆಯುವ ಗಳಿಗೆಗೆ ಸರಿಯಾಗಿ, "ಇದೇಽ, ಬ್ಯಾಟ್ರಿ ಇಳೀತಾ ಇದ್ದು" ಎಂದು ಸಾರಿದ್ದರು. ಹುಡುಗಿಯ ಅಪ್ಪ ಅಳುವುದನ್ನು ಬಿಟ್ಟು ಬ್ಯಾಟರಿಯ ಕಡೆ ನೋಡಿದ್ದು ಇವತ್ತಿಗೂ ನನ್ನ ಹಾರ್ಡ್ ಡಿಸ್ಕಿನಲ್ಲಿದೆ.

ಅಂಗಡಿಗೆ ಬಂದು ಎಡಿಟಿಂಗಿಗೆ ಕೂತಾಗ ನನ್ನ ಮೊದಲ ಕೆಲಸ ಇವರ ಮಾತನ್ನು ಹುಡುಕಿ ತೆಗೆಯುವುದು, ಆ ಜಾಗಕ್ಕೆ ವಾಲಗದ ಸದ್ದು ತುಂಬುವುದು. "ರೋಲಿಂಗ್ ಆಗ್ತಾ ಇದ್ದು, ಮಾತಾಡಡಿ!" ಎಂದು ಗದರುವ ನನ್ನ ಧ್ವನಿಯೂ ಅದರ ಬೆನ್ನಿಗೇ ಇರುತ್ತಿತ್ತು, ಅದನ್ನೂ ತೆಗೆಯುವುದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇನೂ ಇಲ್ಲ. ಆದರೆ ಮೂಲ ಚಿತ್ರೀಕರಣವನ್ನು ಮಾತ್ರ ನಾನು ಅಳಿಸುವವಳಲ್ಲ. ಯಾವತ್ತೋ ಒಂದು ದಿನ ಯಾರೋ ಬಂದು, ಅಜ್ಜ ತೀರಿಹೋದರು, ಅವರಿರುವ ತುಣುಕು ಎಲ್ಲಾದರೂ ಉಂಟೋ ಎಂದು ಕೇಳುತ್ತಾರೆ. ಹಾಗಾಗಿ ಕಪಾಟಿನ ತುಂಬ ಹಳೆಯ ಡಿಸ್ಕುಗಳಿವೆ.

ಹೋದ ಮಳೆಗಾಲ ಮುಗಿಯುವಷ್ಟರಲ್ಲಿ ಇವರ ಗಂಟಲು ಕಟ್ಟಿತು. ಮೊದಮೊದಲು ನಾವಿಬ್ಬರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ದಿನವಿಡೀ ಎಲೆಯಡಿಕೆಯ ಕವಳ ಹಾಕುವ ಬಾಯಿ, ಸುಣ್ಣ ಹೆಚ್ಚಾಗಿರಬೇಕು ಎಂದು ಜ್ಯೇಷ್ಠಮಧು, ಕಾಳುಮೆಣಸಿನ ಕಷಾಯ ಎಲ್ಲ ಆಯಿತು. ದೀಪಾವಳಿಯಾದರೂ ಗಂಟಲು ಬಿಡಲಿಲ್ಲ. ಹುಬ್ಬಳ್ಳಿಗೆ ಹೋಗಿ ತೋರಿಸಿದೆವು. ಧ್ವನಿಪೆಟ್ಟಿಗೆಯಲ್ಲೇ ಗಂಟು, ಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವಕ್ಕೆ ತೊಂದರೆಯಿಲ್ಲ ಎಂದರು ಡಾಕ್ಟರು. ಉಸಿರಾಟಕ್ಕೆ ಕುತ್ತಿಗೆಯಲ್ಲಿ ಒಂದು ತೂತು ಇರುತ್ತದಂತೆ. ಊಟ ಮಾಡಬಹುದು, ಕೆಲಸ ಮಾಡಬಹುದು. ಮಾತಿಲ್ಲ.

ಯಲ್ಲಾಪುರದ ಮೇಲಿಂದ ಬಸ್ಸಿನಲ್ಲಿ ವಾಪಸು ಬರುವಾಗ ಇವರು ಕಿಟಕಿಯ ಹೊರಗೆ ನೋಡುತ್ತ, ಒಡೆದ ದನಿಯಲ್ಲಿ, "ಇನ್ನು ನಿಂಗೆ ಆರಾಮು. ಕತ್ತರಿಸೋ ಕೆಲ್ಸಿಲ್ಲೆ" ಎಂದರು. ತಮಾಷೆಗೇ ಹೇಳಿದ್ದು. ನನಗೆ ಬಂದ ಸಿಟ್ಟು ಎಷ್ಟೆಂದರೆ ಊರು ಮುಟ್ಟುವವರೆಗೆ ತುಟಿ ಬಿಚ್ಚಲಿಲ್ಲ. ತುಟಿ ಬಿಚ್ಚಿದ್ದರೆ ಬಸ್ಸಿನಲ್ಲೇ ಅಳುತ್ತಿದ್ದೆ ಎಂಬುದೂ ನಿಜ.

ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆಯ ಹುಡುಗಿಯೊಬ್ಬಳು ಒಂದು ವಿಷಯ ಹೇಳಿದ್ದಳು. ಧ್ವನಿ ಇರುವಾಗಲೇ ಧಾರಾಳ ರೆಕಾರ್ಡ್ ಮಾಡಿಟ್ಟುಕೊಂಡರೆ, ಕಂಪ್ಯೂಟರಿಗೆ ಅದನ್ನು ಕಲಿಸಬಹುದು. ಆಮೇಲೆ ಟೈಪ್ ಮಾಡಿದ್ದನ್ನು ಅದು ಅದೇ ಧ್ವನಿಯಲ್ಲಿ ಹೇಳುತ್ತದೆ, ಅದಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡಿರುವ ಕಂಪ್ಯೂಟರು ಬೇಕು ಎಂದಿದ್ದಳು. ಅದು ನನ್ನ ಹತ್ತಿರ ಇತ್ತು. ವೀಡಿಯೋ ಎಡಿಟಿಂಗಿಗೆ ಇಂಥ ಕಾರ್ಡಿಲ್ಲದೆ ನಡೆಯುವುದಿಲ್ಲ. ಚಿತ್ರದ ಚುಕ್ಕಿಗಳ ಲೆಕ್ಕವನ್ನೆಲ್ಲ ಒಟ್ಟೊಟ್ಟಿಗೆ ಮಾಡುವುದು ಅದೇ. ಚುಕ್ಕಿಗಳ ಲೆಕ್ಕ ಮಾಡುವ ಕಾರ್ಡು ಧ್ವನಿಯ ಲೆಕ್ಕವನ್ನೂ ಮಾಡುತ್ತದೆ ಎಂಬುದು ಮಾತ್ರ ನನಗೆ ಹೊಸ ವಿಷಯ. ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅಷ್ಟರೊಳಗೆ ಕಂಪ್ಯೂಟರು ಇವರ ಹಾಗೆ ಮಾತಾಡಬೇಕು, ಅದನ್ನು ಇವರು ಕೇಳಿ ಒಪ್ಪಬೇಕು, ಎಲ್ಲಾದರೂ ತಪ್ಪಿದ್ದರೆ ಬಾಯಿಬಿಟ್ಟು ಹೇಳಬೇಕು. ಆಮೇಲೆ ಹೇಳುವುದಕ್ಕೆ ಬಾಯಿದ್ದೂ ಪ್ರಯೋಜನವಿಲ್ಲ.

ಇಂಟರ್ನೆಟ್ಟಿನಲ್ಲಿ ಯಾರೋ ಪುಣ್ಯಾತ್ಮರು ಬಿಟ್ಟಿಯಾಗಿ ಇಟ್ಟಿದ್ದ ಪ್ರೋಗ್ರಾಂ ಒಂದನ್ನು ಇಳಿಸಿಕೊಂಡೆ. ಅದಕ್ಕೆ ಕನ್ನಡ ಮೊದಲೇ ಬರುತ್ತಿತ್ತು. ಇವರ ಧ್ವನಿ ಕಲಿಸಿದರೆ ಸಾಕು. ಆಸ್ಪತ್ರೆಯವರು ಕೊಟ್ಟ ವಾಕ್ಯಗಳನ್ನು ಇವರಿಂದ ಓದಿಸಿ ರೆಕಾರ್ಡ್ ಮಾಡಿ ಕಲಿಸಿದೆ. ಯಂತ್ರ ಚಕಾರವೆತ್ತದೆ ಕಲಿಯಿತು. "ನನಗೆ ಒಂದು ಲೋಟ ಬಿಸಿನೀರು ಬೇಕಾಗಿದೆ" ಎಂದು ಗಂಭೀರವಾಗಿ, ಕಟ್ಟಿದ ಗಂಟಲಿನಲ್ಲೇ ಹೇಳಿತು. ಇವರು ಕೇಳಿ ತಲೆ ಅಲ್ಲಾಡಿಸಿದರು.

"ಆನು ಹಿಂಗೆ ಮಾತಾಡ್ತ್ನಿಲ್ಲೆ" ಎಂದರು. "ಇದು ಯಾರೋ ಉದ್ಘಾಟನೆ ಭಾಷಣ ಮಾಡ್ದಾಂಗೆ ಇದ್ದು."

ಸುಳ್ಳಲ್ಲ. ಬಿಸಿನೀರು ಬೇಕಾದರೆ ಇವರು ಅಷ್ಟು ಮರ್ಯಾದೆಯಿಂದ ಯಾವತ್ತೂ ಕೇಳಿದವರಲ್ಲ. ಆಗ ನನಗೆ ಕಪಾಟಿನ ನೆನಪಾಯಿತು. ಗಂಟಲು ಕಟ್ಟುವ ಮೊದಲಿನ ಧ್ವನಿ, ಓದಿದ್ದಲ್ಲದ ಧ್ವನಿ, ನಾನು ಕತ್ತರಿಸಿ ಎಸೆದ ಧ್ವನಿ ಅಷ್ಟೂ ಅಲ್ಲೇ ಬಿದ್ದಿತ್ತು. ಡಿಸ್ಕುಗಳನ್ನೆಲ್ಲ ಕೆಳಗಿಳಿಸಿ, ಮದುಮಕ್ಕಳನ್ನು ಬದಿಗಿಟ್ಟು ಇವರ ಮಾತನ್ನು ಹೆಕ್ಕತೊಡಗಿದೆ. ಚಂದಗುಳಿಯ ದೇವಸ್ಥಾನದಲ್ಲಿ ಗಂಟೆ ಕಟ್ಟುವ ಒಂದು ಹರಕೆಯ ಚಿತ್ರೀಕರಣದಲ್ಲಿ ಎಷ್ಟೊಂದು ಮಾತಾಡಿದ್ದರು, ಎಲ್ಲದರ ಹಿಂದೆಯೂ ಗಂಟೆ ಬಾರಿಸಿ ಹಾಳು. ಭೈರುಂಬೆಯ ಮುಂಜಿಯೊಂದರಲ್ಲಿ ಎಂಥ ಹೊಳೆಯುವ ದನಿ! ಸಿದ್ದಾಪುರದ ಮದುವೆಯಲ್ಲಿ ಅಡುಗೆಯವರ ಬಳಿ ಹೋಗಿ ಅಪ್ಪೆಹುಳಿಯನ್ನು ಹೊಗಳಿದ್ದೇ ಹೊಗಳಿದ್ದು. ಕ್ಯಾಮೆರಾ ಪಕ್ಕದಲ್ಲೇ ಇತ್ತು ಎಂಬ ಖಬರೂ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತ ನಾನು ಒಬ್ಬಳೇ ನಗುತ್ತಿದ್ದೆ, ಇವರು ಪಕ್ಕದ ಕುರ್ಚಿಯಲ್ಲಿ ಕೂತು ಇನ್ವರ್ಟರ್ ಬಿಚ್ಚುತ್ತಿದ್ದರು.

ಧ್ವನಿಯ ಜೊತೆ ಅದರಲ್ಲಿ ಏನಿದೆ ಎಂದು ಅಕ್ಷರದಲ್ಲೂ ಬರೆದು ಕೊಡಬೇಕು. ಟೈಪಿಂಗ್ ನನಗೆ ಸಲೀಸು. ವೀಡಿಯೋ ಅಂಗಡಿಗೆ ಮೊದಲು ನಾನು ಆಮಂತ್ರಣ ಪತ್ರಿಕೆ, ಸ್ತೋತ್ರದ ಪುಸ್ತಕ ಟೈಪ್ ಮಾಡುತ್ತಿದ್ದವಳು. ನನ್ನ ಪ್ರೂಫಿನಲ್ಲಿ ತಪ್ಪು ಹುಡುಕಿದವರು ಈ ತಾಲೂಕಿನಲ್ಲಿ ಇಲ್ಲ. ಇವರು ಹೇಗೆ ಆಡಿದ್ದಾರೋ ಹಾಗೇ, ಎಳೆದಲ್ಲಿ ಎಳೆದು, ಮುರಿದಲ್ಲಿ ಮುರಿದು ಬರೆದೆ.

ಹೊಸದನ್ನೆಲ್ಲ ಸೇರಿಸಿ ಕಲಿಕೆ ಶುರುಮಾಡಿದೆ. ಒಲೆಯ ಮೇಲೆ ಚಹಾ ಇಟ್ಟು ಬರುವಷ್ಟರಲ್ಲಿ ಪ್ರೋಗ್ರಾಂ ನಡುವೆಯೇ ನಿಂತು ಬಿದ್ದಿತ್ತು. ತೆರೆಯ ತುಂಬ ಇಂಗ್ಲಿಷಿನಲ್ಲಿ ಉದ್ದುದ್ದ ಸಾಲುಗಳು. ಅಷ್ಟರ ಸಾರಾಂಶವೇನೆಂದರೆ ಕಾರ್ಡು ತನ್ನದಲ್ಲದ ಜಾಗದಲ್ಲಿ ಮೆಮೊರಿ ಓದಲು ಹೋಗಿದೆ. ಮತ್ತೆ ಶುರುಮಾಡಿದೆ. ಈ ಸಲ ಸ್ವಲ್ಪ ಮುಂದೆ ಹೋಗಿ ಬಿತ್ತು. ಮೂರನೆಯ ಸಲ ಶುರುವಿನಲ್ಲೇ. ನಾನು ಬರೆದುಕೊಟ್ಟ ಸಾಲುಗಳ ಕ್ರಮವನ್ನು ಪ್ರೋಗ್ರಾಂ ಪ್ರತಿ ಸಲ ಕಲೆಸುತ್ತಿತ್ತು, ಆದ್ದರಿಂದ ಒಂದೇ ಕಡೆ ಬೀಳುವ ಪ್ರಾಮಾಣಿಕತೆಯೂ ಅದಕ್ಕಿರಲಿಲ್ಲ.

ರೋಗ ಒಂದಾದರೆ ವೈದ್ಯರು ಹಲವರು. "ಕರೆಂಟಿಂದೇ ದೋಷ ಅದು, ಎಂಗೆ ಗೊತ್ತಿದ್ದು" ಎಂದರು ಇವರು. ಲೋಕದ ಎಲ್ಲ ಕಷ್ಟವೂ ಇವರ ಪ್ರಕಾರ ವೋಲ್ಟೇಜಿನಿಂದಲೇ ಬರುವುದು. ಇದ್ದಬದ್ದ ಬ್ಯಾಟರಿಯನ್ನೆಲ್ಲ ಸಾಲಾಗಿ ಜೋಡಿಸಿ, ಒಂದು ಕೂದಲೂ ಅಲುಗದ ಕರೆಂಟು ಕೊಟ್ಟರು. ಪ್ರೋಗ್ರಾಂ ಆ ಶುದ್ಧ ಕರೆಂಟಿನಲ್ಲೇ ಬಿತ್ತು. ಇವರಿಗೆ ಸ್ವಲ್ಪ ಅವಮಾನವೇ ಆಯಿತು.

ಯಲ್ಲಾಪುರದಲ್ಲಿ ಇವರ ಗೆಳೆಯರೊಬ್ಬರಿದ್ದಾರೆ. ಪಾರ್ಸೆಲ್ ವ್ಯಾನ್ ಓಡಿಸುತ್ತಾರೆ, ನಾವು ಭಾಯಿ ಎಂದೇ ಕರೆಯುವುದು. ಈ ಕಾರ್ಡನ್ನು ಹುಬ್ಬಳ್ಳಿಯಿಂದ ಮಡಿಲಲ್ಲಿಟ್ಟುಕೊಂಡ ಹಾಗೆ ತಂದುಕೊಟ್ಟವರು ಅವರೇ. ಶುಕ್ರವಾರದ ನಮಾಜು ಮುಗಿಸಿ ಗೆಳೆಯನನ್ನು ನೋಡಲು ಬಂದವರು ಕಂಪ್ಯೂಟರಿನ ಡಬ್ಬಿಗೆ ಅಂಗೈ ಇಟ್ಟು ನೋಡಿದರು. "ಇಂಜಿನ್ ಹೀಟಾಗ್ತಾ ಇದೆ ಅಕ್ಕಾ. ಅರಬೈಲ್ ಘಾಟಿಯಲ್ಲಿ ನಮ್ಮ ಗಾಡಿಗೂ ಹಿಂಗೇ ಆಗೋದು" ಎಂದರು. ಡಬ್ಬಿ ಬಿಚ್ಚಿ ಧೂಳು ಊದಿದೆವು, ಟೇಬಲ್ ಫ್ಯಾನು ತಂದಿಟ್ಟೆವು. ಕಾರ್ಡು ತಣ್ಣಗಾಯಿತು, ತಣ್ಣಗಾಗಿಯೇ ಬಿತ್ತು.

ನಾನೂ ಸುಮ್ಮನೆ ಕೂರಲಿಲ್ಲ. ಕಾರ್ಡನ್ನು ನಡೆಸುವ ಡ್ರೈವರ್ ಪ್ರೋಗ್ರಾಂ ಕಿತ್ತು ಹಳೆಯದು ಹಾಕಿದೆ, ಅದನ್ನು ಕಿತ್ತು ಹೊಸದು ಹಾಕಿದೆ. ಒಂದು ಸಲಕ್ಕೆ ಕೊಡುವ ಸಾಲುಗಳ ತುತ್ತನ್ನು ಸಣ್ಣದು ಮಾಡಿದೆ. ಮೆಮೊರಿ ಪರೀಕ್ಷೆ ಮಾಡಿಸಿದೆ; ಕಾರ್ಡು ಆರೋಗ್ಯವಾಗಿಯೇ ಇತ್ತು. ಹಳೆಯ ಕ್ಯಾಮೆರಾದ ಧ್ವನಿಯ ಫೈಲುಗಳು ಕೆಟ್ಟಿರಬೇಕು ಎಂದು ಒಂದೊಂದನ್ನೂ ಮತ್ತೆ ತೆರೆದು ಕೇಳಿದೆ. ಅವೂ ಚೆನ್ನಾಗಿಯೇ ಇದ್ದವು. ಎರರ್ ತೋರಿಸುತ್ತಿದ್ದ ಸಾಲನ್ನು ಪ್ರೋಗ್ರಾಮಿನಲ್ಲಿ ಹುಡುಕಿ ಓದಿದರೆ ಅಲ್ಲಿ ಬರೀ ಒಂದು ಕೂಡುವ ಲೆಕ್ಕ. ಕೂಡುವುದರಲ್ಲಿ ಬೀಳುವಂಥದ್ದೇನಿದೆ? ಕೀಬೋರ್ಡಿಗೆ ಎರಡು ಬಾರಿಸಿದೆ.

"ನಿಂಗೆ ಸಿಟ್ಟು ಬಂದ್ರೆ ಕಂಪ್ಯೂಟರು ಹೆದರ್ತಿಲ್ಲೆ" ಎಂದರು ಇವರು. "ಆನೊಬ್ನೇ ಹೆದರೋದು."

ದಿನಗಳು ಹೋಗುತ್ತಿದ್ದವು. ಇವರ ಗಂಟಲು ಇನ್ನೂ ಕಟ್ಟುತ್ತಿತ್ತು. ಒಂದೊಂದು ಮಾತಿನ ಕೊನೆ ಗಾಳಿಯಾಗಿಬಿಡುತ್ತಿತ್ತು. ನನ್ನ ಹೆದರಿಕೆಯನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ, ಇಂಟರ್ನೆಟ್ಟಿನ ಒಂದು ವೇದಿಕೆಯಲ್ಲಿ ಎರರನ್ನು ಮಾತ್ರ ಹೇಳಿಕೊಂಡೆ. ಯಾವ ದೇಶದವರೋ ಗೊತ್ತಿಲ್ಲ, ಒಬ್ಬರು ಉತ್ತರ ಬರೆದರು. ಕಾರ್ಡು ಹೇಳುವ ಸಾಲನ್ನು ನಂಬಬೇಡ, ತಪ್ಪು ಆಗಿದ್ದು ಅದಕ್ಕಿಂತ ಎಷ್ಟೋ ಮೊದಲು. ಒಂದೊಂದು ಕೆಲಸವೂ ಮುಗಿಯುವ ತನಕ ಕಾಯುವ ಹಾಗೆ ಮಾಡು, ಆಗ ನಿಜ ಹೇಳುತ್ತದೆ ಎಂದು.

ಇದು ನನಗೆ ಅರ್ಥವಾಗಿದ್ದು ನಮ್ಮ ಕಡೆಯ ಮದುವೆ ಊಟದ ಪಂಕ್ತಿಯಿಂದ. ಅಡುಗೆಮನೆಯಲ್ಲಿ ನಿಂತ ಯಜಮಾನ ಉಪ್ಪು, ಕೋಸಂಬರಿ, ಪಲ್ಯ ಎಂದು ಒಬ್ಬರ ಹಿಂದೊಬ್ಬರನ್ನು ಬಡಿಸಲು ಕಳಿಸುತ್ತಲೇ ಇರುತ್ತಾನೆ. ಹೋದವರು ವಾಪಸು ಬರುವ ತನಕ ಕಾಯುವುದಿಲ್ಲ. ಪಂಕ್ತಿಯ ಕೊನೆಯಲ್ಲಿ ಎಲೆಯೇ ಇಲ್ಲದ ಜಾಗಕ್ಕೆ ಯಾರೋ ಕೋಸಂಬರಿ ಬಡಿಸಿಬಿಟ್ಟರು ಎನ್ನಿ. ಆ ಗಲಾಟೆ ಅಡುಗೆಮನೆ ಮುಟ್ಟುವಷ್ಟರಲ್ಲಿ ಯಜಮಾನ ಪಾಯಸದ ಪಾತ್ರೆ ಎತ್ತಿಕೊಟ್ಟಿರುತ್ತಾನೆ. ಬೈಗುಳ ಪಾಯಸದವನಿಗೆ. ನಾನು ಇಷ್ಟು ದಿನ ಪಾಯಸವನ್ನು ಪರೀಕ್ಷೆ ಮಾಡುತ್ತ ಕೂತಿದ್ದೆ.

ಉತ್ತರ ಬರೆದವರು ಹೇಳಿದ ಹಾಗೆ ಕಾಯುವ ವ್ಯವಸ್ಥೆ ಮಾಡಿದೆ. ಇನ್ನೂ ಖಾತ್ರಿಯಾಗಲಿ ಎಂದು ಗ್ರಾಫಿಕ್ಸ್ ಕಾರ್ಡನ್ನೇ ಬಿಟ್ಟು, ಕಂಪ್ಯೂಟರಿನ ಸಾಮಾನ್ಯ ಪ್ರೊಸೆಸರಿನ ಮೇಲೆ ಓಡಿಸಿದೆ. ಅದು ಆಮೆಗತಿ, ಆದರೆ ಸುಳ್ಳು ಹೇಳುವುದಿಲ್ಲ. ಬಿದ್ದಾಗ ಒಂದೇ ಒಂದು ಸಾಲು ಬರೆಯಿತು: ಪಟ್ಟಿಯಲ್ಲಿ ಇಲ್ಲದ ಸಂಖ್ಯೆಯನ್ನು ಕೇಳಲಾಗಿದೆ. ಅಂದರೆ ತಪ್ಪು ಧ್ವನಿಯಲ್ಲಿ ಅಲ್ಲ, ಬರಹದಲ್ಲಿ. ಪ್ರೋಗ್ರಾಮಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿಯಿತ್ತು. ಪಟ್ಟಿಯಲ್ಲಿ ಇಲ್ಲದ ಯಾವುದೋ ಅಕ್ಷರವನ್ನು ನಾನು, ಪ್ರೂಫಿನಲ್ಲಿ ತಪ್ಪೇ ಮಾಡದವಳು, ಬರೆದಿದ್ದೆ.

ಸಾಲುಗಳನ್ನು ಅರ್ಧ ಮಾಡಿ ಓಡಿಸಿದೆ, ಬಿದ್ದ ಅರ್ಧವನ್ನು ಮತ್ತೆ ಅರ್ಧ ಮಾಡಿದೆ. ಹೀಗೆ ಕಿರಿದು ಮಾಡುತ್ತ ಹೋಗಿ ಕೊನೆಗೆ ಒಂದು ಸಾಲು ಸಿಕ್ಕಿತು. "ಇದೇಽ, ವಯರು ತುಳಿಯಡ." ಅದನ್ನು ತೆಗೆದು ಓಡಿಸಿದರೆ ಇನ್ನೊಂದು ಕಡೆ ಬಿತ್ತು. "ಇದೇಽ, ಊಟ ಆತನೇ?" ಅದನ್ನೂ ತೆಗೆದೆ. "ಇದೇಽ, ಮಳೆ ಬತ್ತು, ಕ್ಯಾಮೆರಾ ಒಳಗೆ ತಗ." ಆಮೇಲೆ ನಾನು ತೆಗೆಯುವುದನ್ನು ನಿಲ್ಲಿಸಿ ಕೈಕಟ್ಟಿ ಕೂತೆ. ಯಂತ್ರ ಬೀಳುತ್ತಿದ್ದುದು ಇವರು ನನ್ನನ್ನು ಕರೆದ ಜಾಗದಲ್ಲೆಲ್ಲ.

'ಇದೇಽ' ಎಂಬುದರ ಕೊನೆಗಿರುವ 'ಽ' ಗುರುತೇ ಪಟ್ಟಿಯಲ್ಲಿ ಇರಲಿಲ್ಲ; ಅದರ ಹೆಸರು ಅವಗ್ರಹ. ಸಂಸ್ಕೃತದ ಶ್ಲೋಕಗಳಲ್ಲಿ ಸಂಧಿಯಾಗಿ ಅಕಾರವೊಂದು ಬಿಟ್ಟುಹೋದ ಕಡೆ ಹಾಕುತ್ತಾರೆ. ಸ್ತೋತ್ರದ ಪುಸ್ತಕ ಟೈಪ್ ಮಾಡಿದ ನನ್ನ ಬೆರಳಿಗೆ ಅದು ಅಭ್ಯಾಸ. ನಮ್ಮ ಕಡೆ ಮನೆಮಾತನ್ನು ಬರೆಯುವಾಗ, ಕೂಗಿ ಕರೆದು ದನಿ ಎಳೆದಲ್ಲಿ ಕೂಡ ಅದನ್ನೇ ಹಾಕುತ್ತೇವೆ. ಪ್ರೋಗ್ರಾಂ ಮಾಡಿದವರಿಗೆ ಪತ್ರಿಕೆಯ ಕನ್ನಡ ಗೊತ್ತಿತ್ತು, ಅದರಲ್ಲಿ ಯಾರೂ ಯಾರನ್ನೂ ಹಿತ್ತಲಿನಿಂದ ಕೂಗುವುದಿಲ್ಲವಲ್ಲ.

ಮತ್ತೆ, 'ಇದೇಽ' ಎಂದರೆ ನಾನು. ನಮ್ಮ ಮನೆಗಳಲ್ಲಿ ಗಂಡ ಹೆಂಡತಿಯನ್ನು, ಹೆಂಡತಿ ಗಂಡನನ್ನು ಹೆಸರು ಹಿಡಿದು ಕರೆಯುವ ಪದ್ಧತಿಯಿರಲಿಲ್ಲ. ಈಗಿನ ಮಕ್ಕಳು ಕರೆಯುತ್ತಾರೆ, ಕೇಳಲು ಚೆಂದವಾಗಿಯೇ ಇರುತ್ತದೆ. ನಮ್ಮ ಕಾಲಕ್ಕೆ ನಾಚಿಕೆ ಅಡ್ಡ ಬಂತು, ಆಮೇಲೆ ಅದೇ ರೂಢಿಯಾಯಿತು. ಇವರು ನನಗೆ 'ಇವರು', ನಾನು ಇವರಿಗೆ 'ಇದೇಽ'. ನನ್ನ ಹೆಸರು ಇವರ ಬಾಯಲ್ಲಿ ಒಂದು ಸಲವೂ ಬಂದಿದ್ದಿಲ್ಲ. ಬ್ಯಾಂಕಿನಲ್ಲಿ ಹೆಂಡತಿಯ ಹೆಸರು ಕೇಳಿದರೆ ನನ್ನತ್ತ ಕೈ ತೋರಿಸಿ, "ಅವ್ಳನ್ನೇ ಕೇಳಿ" ಎನ್ನುವ ಆಸಾಮಿ ಇವರು.

ಕಾರಣ ಸಿಕ್ಕಿದ ಮೇಲೆ ಪರಿಹಾರ ಸುಲಭವಾಗಿತ್ತು. ಆ ಸಾಲುಗಳನ್ನೆಲ್ಲ ಕೈಬಿಟ್ಟು ಓಡಿಸಿದೆ. ಯಂತ್ರ ಬೀಳಲಿಲ್ಲ. ಕಲಿಕೆ ಮುಗಿದು ಹೊರಬಂದ ಧ್ವನಿಯನ್ನು ಮತ್ತೆ ಮತ್ತೆ ಹಾಕಿ ಕೇಳಿದೆ. ಕಟ್ಟದ ಗಂಟಲು, ಮಾತಿನ ಕೊನೆಗೆ ಸಣ್ಣದಾಗಿ ನಗುವ ಚಾಳಿ, ಎಲ್ಲ ಇವರದೇ. ಇವರು ತಾವೇ ಟೈಪ್ ಮಾಡಿ ಅಪ್ಪೆಹುಳಿಯ ಬಗ್ಗೆ ಏನೇನೋ ಹೇಳಿಸಿದರು, ಭಾಯಿಗೆ ಫೋನ್ ಹಚ್ಚಿ ಕೇಳಿಸಿದರು. ಆಮೇಲೆ "ಇದೇ, ಚಾ ಮಾಡ್ತ್ಯನೇ" ಎಂದು ಬರೆದರು. ಯಂತ್ರ 'ಇದೇ' ಎಂಬುದನ್ನು ಅಂಗಡಿಯವನು ಸಾಮಾನು ತೋರಿಸಿದ ಹಾಗೆ ಹೇಳಿತು. ಇದೇ ಸೋಪು, ಇದೇ ಬಕೆಟ್ಟು ಎನ್ನುವ ಹಾಗೆ.

"ಅಡ್ಡಿಲ್ಲೆ. ಅಷ್ಟು ಸಾಕು" ಎಂದರು ಇವರು.

"ಸಾಕಾಗ್ತಿಲ್ಲೆ" ಎಂದೆ.

ಅವಗ್ರಹವನ್ನು ಮಾತ್ರ ಅಳಿಸಿ, ಸಾಲುಗಳನ್ನು ಉಳಿಸಿ ನೋಡಿದೆ. ಆಗ ಇನ್ನೊಂದು ಫಜೀತಿ: ಯಂತ್ರಕ್ಕೆ ಕರೆಯುವ 'ಇದೇ' ಯಾವುದು, ತೋರಿಸುವ 'ಇದೇ' ಯಾವುದು ಗೊತ್ತಾಗದೆ ಎರಡನ್ನೂ ಎಳೆಯತೊಡಗಿತು. "ಇದೇಽ ಬಸ್ಸು ಯಲ್ಲಾಪುರಕ್ಕೆ ಹೋಗ್ತು" ಎಂದು ಅಕ್ಕರೆಯಿಂದ ಕೂಗಿತು. ಪಾರ್ಸೆಲ್ ಕೊಡಲು ಬಂದಿದ್ದ ಭಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸರಕಾರಿ ಬಸ್ಸನ್ನೂ ಸಂಸಾರಕ್ಕೆ ಸೇರಿಸ್ಕೊಂಡ್ಬಿಟ್ರಲ್ಲ ಭಾವಾ!" ಇವರೂ ನಕ್ಕರು, ನಕ್ಕಿದ್ದು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ನಾನು ನೀರು ತಂದುಕೊಟ್ಟೆ.

ಉಳಿದದ್ದು ಒಂದೇ ದಾರಿ. ಅಕ್ಷರಪಟ್ಟಿಗೆ ಹೊಸ ಜಾಗವೊಂದನ್ನು ಸೇರಿಸಿ, ಅವಗ್ರಹಕ್ಕೂ ಒಂದು ಎಲೆ ಹಾಕಿ, ಮೊದಲಿನಿಂದ ಕಲಿಸುವುದು. ಆದರೆ ಹೊಸ ಅಕ್ಷರಕ್ಕೆ ಏನೂ ಬಾರದು. ಅದು ಉಳಿದವುಗಳ ಸಮಕ್ಕೆ ಬರಲು ಹೊತ್ತು ಬೇಕು. ಹುಬ್ಬಳ್ಳಿಗೆ ಹೊರಡುವ ದಿನ ಎದುರಿಗೇ ನಿಂತಿತ್ತು. ಮುಗಿಯುವುದರೊಳಗೆ ಇವರ ಆಪರೇಷನ್ ಆಗಿಹೋಗುತ್ತದೆ, ಕೇಳಿ ಸರಿತಪ್ಪು ಹೇಳುವ ಗಂಟಲು ಇರುವುದಿಲ್ಲ.

"ಬಿಡು. ಇದ್ದಿದ್ರಲ್ಲೇ ಚೊಲೋ ಇದ್ದು" ಎಂದು ಇವರು ಸಮಾಧಾನ ಮಾಡಿದರು. ಆ ಸಮಾಧಾನವೇ ನನ್ನನ್ನು ಕೆಣಕಿತು.

"ಬಿಡೂದು ಹ್ಯಾಂಗೆ? ನಿಂಗೊ ಎನ್ನ ಕರೆಯೋದು ಅದೊಂದೇ ಶಬ್ದ. ಅದೂ ಹೋದ್ರೆ ಮತ್ತೆಂತ ಹೇಳಿ ಕರೆಯೋದು ಎನ್ನ?"

ಅಂಗಡಿಯ ಬಾಗಿಲು ತೆರೆದಿತ್ತು, ರಸ್ತೆಯವರಿಗೂ ಕೇಳಿಸಿರಬೇಕು. ಇವರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತಿರುಗಿಸುತ್ತ ಕೂತರು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ, ಕಂಪ್ಯೂಟರಿಗೆ ದೊಡ್ಡ ಬ್ಯಾಟರಿಗಳನ್ನು ಮತ್ತೆ ಜೋಡಿಸಿದರು. ಕರೆಂಟು ಹೋದರೂ ನಿಲ್ಲಬಾರದಲ್ಲ.

ಕಲಿಕೆ ನಡೆಯುತ್ತಿರುವಾಗಲೇ ಹೊರಟೆವು. ಅಂಗಡಿಯ ಕೀಲಿಕೈ ಭಾಯಿಯ ಹತ್ತಿರ. ದಿನಾ ವ್ಯಾನ್ ನಿಲ್ಲಿಸಿ ಒಳಹೋಗಿ ನೋಡಿ ನನಗೆ ಫೋನ್ ಮಾಡುತ್ತಿದ್ದರು. "ನಡೀತಾ ಇದೆ ಅಕ್ಕಾ, ನಿಂತಿಲ್ಲ. ಫ್ಯಾನು ಹಚ್ಚಿದೀನಿ." ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆ ಮಾತು ಕೇಳುವಾಗ ಎಷ್ಟು ಧೈರ್ಯವಾಗುತ್ತಿತ್ತೋ ಅಷ್ಟೇ ಭಯವಾಗುತ್ತಿತ್ತು. ಅಲ್ಲಿ ಬಿದ್ದರೆ ಇನ್ನೊಮ್ಮೆ ಶುರುಮಾಡಬಹುದು. ಇಲ್ಲಿ ಹಾಗಿಲ್ಲ.

ಆಪರೇಷನ್ ಕೋಣೆಗೆ ಕರೆದೊಯ್ಯುವ ಮೊದಲು ಇವರು ಏನಾದರೂ ಹೇಳಬಹುದು ಎಂದು ನಾನು ಬಾಯನ್ನೇ ನೋಡುತ್ತ ನಿಂತಿದ್ದೆ. ಸ್ಟ್ರೆಚರಿನ ಮೇಲಿಂದ ಕತ್ತು ಹೊರಳಿಸಿ, ಅರ್ಧ ಗಾಳಿ ಅರ್ಧ ದನಿಯಲ್ಲಿ, "ಇದೇಽ, ಚಪ್ಲಿ ಒಳಗಿಟ್ಗ. ಯಾರಾದ್ರೂ ಹಾಕ್ಯಂಡು ಹೋಗ್ತ" ಎಂದರು. ಅಷ್ಟೇ. ಮೊಬೈಲು ಕೈಯಲ್ಲೇ ಇತ್ತು, ರೆಕಾರ್ಡ್ ಮಾಡಲು ನೆನಪಾಗಲಿಲ್ಲ. ನೆನಪಾಗಿದ್ದರೂ ಮಾಡುತ್ತಿರಲಿಲ್ಲವೋ ಏನೋ. ಚಪ್ಪಲಿಯನ್ನು ಎತ್ತಿ ಚೀಲದೊಳಗೆ ಇಟ್ಟುಕೊಂಡೆ.

ಆಪರೇಷನ್ ಚೆನ್ನಾಗಿ ಆಯಿತು. ಊರಿಗೆ ಬಂದಾಗ ಅಂಗಡಿಯಲ್ಲಿ ಯಂತ್ರವೂ ತನ್ನ ಕೆಲಸ ಮುಗಿಸಿ ತಣ್ಣಗೆ ಕೂತಿತ್ತು. ಒಂದು ಸಲವೂ ಬಿದ್ದಿರಲಿಲ್ಲ. ಅದನ್ನು ಇವರ ಫೋನಿಗೆ ಜೋಡಿಸಿದೆ. ಮೊದಲ ಮಾತು ಇವರೇ ಆಡಬೇಕು ಎಂದು ನನ್ನ ಹಟ. ಆದರೆ ಅವಗ್ರಹ ಬಂದಾಗ ಮತ್ತೆ ಬಿದ್ದುಗಿದ್ದರೆ? ಅದಕ್ಕೆ ಸದ್ದನ್ನು ಪೂರ್ತಿ ಸೊನ್ನೆಗೆ ಇಳಿಸಿ, 'ಇದೇಽ' ಎಂದು ಬರೆದು ಓಡಿಸಿದೆ. ಬೀಳಲಿಲ್ಲ. ಏನೂ ಕೇಳಿಸಲೂ ಇಲ್ಲ. ಅವಗ್ರಹದ ಗುಂಡಿಯನ್ನು ಇವರ ಫೋನಿನ ಕೀಬೋರ್ಡಿನಲ್ಲಿ ಮೇಲಿನ ಸಾಲಿಗೇ, ಕಣ್ಣಿಗೆ ರಾಚುವಂತೆ ತಂದಿಟ್ಟು, ಬೆರಳು ಹಿಡಿದು ತೋರಿಸಿಕೊಟ್ಟೆ. ಇವರು ತಲೆಯಾಡಿಸಿ ಫೋನನ್ನು ದಿಂಬಿನ ಪಕ್ಕ ಇಟ್ಟರು. ಆವತ್ತು ಮಾತಾಡಲಿಲ್ಲ. ಮರುದಿನವೂ ಇಲ್ಲ. ಬೇಕಾದದ್ದಕ್ಕೆ ಕೈಸನ್ನೆ ಮಾಡಿದರು, ಲೋಟ ಕುಟ್ಟಿ ಕರೆದರು. ನಾನು ಒತ್ತಾಯ ಮಾಡಲಿಲ್ಲ, ನನಗೆ ಸಿಟ್ಟೂ ಬರಲಿಲ್ಲ. ಬರೀ ಸಂಕಟವಾಗುತ್ತಿತ್ತು. ಧ್ವನಿ ಇಷ್ಟವಾಗಲಿಲ್ಲವೋ, ಕೇಳಲು ಹೆದರಿಕೆಯೋ, ಅಥವಾ ನಾನು ಮಾಡಿದ್ದೆಲ್ಲ ಬರೀ ನನ್ನ ಆಸೆಗೆ ಮಾಡಿದ್ದೋ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಗಂಜಿ ತಿರುವುತ್ತಿದ್ದೆ. ಒಳಕೋಣೆಯಿಂದ ಇವರು ನನ್ನ ಹೆಸರು ಹಿಡಿದು ಕರೆದರು.

ಇವರದೇ ಧ್ವನಿ, ಸ್ವಚ್ಛವಾಗಿತ್ತು. ಮೊದಲಕ್ಷರ ಸ್ವಲ್ಪ ಮೆತ್ತಗೆ, ನಡುವಿನದು ಸ್ಪಷ್ಟ, ಕೊನೆಗೆ ಆ ಸಣ್ಣ ನಗುವಿನ ಎಳೆ. ಯಾವ ಡಿಸ್ಕಿನಲ್ಲೂ ಇಲ್ಲದ ಮಾತು ಅದು. ಇವರ ಎಲ್ಲ ಮಾತನ್ನೂ ಕೇಳಿ ಕೇಳಿ ಬರೆದವಳು ನಾನು, ನನಗೆ ಗೊತ್ತು. ಎಲ್ಲೆಲ್ಲಿಂದಲೋ ಒಂದೊಂದು ಅಕ್ಷರದ ದನಿ ತಂದು ಯಂತ್ರ ಅದನ್ನು ಹೊಸದಾಗಿ ಕಟ್ಟಿತ್ತು. ಗಂಜಿ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ನನಗೆ ಕೂಡಲೇ ಓಗೊಡಲು ಆಗಲಿಲ್ಲ, ಯಾಕೆಂದರೆ ಆ ಧ್ವನಿ ಆ ಹೆಸರು ಕರೆದರೆ ಏನೆಂದು ಓಗೊಡಬೇಕು ಎಂದು ನನಗೆ ರೂಢಿಯೇ ಇರಲಿಲ್ಲ.

ಒಲೆ ಆರಿಸಿ ಕೋಣೆಯ ಬಾಗಿಲಿಗೆ ಹೋದೆ. ಇವರು ಗೋಡೆಗೆ ಒರಗಿ ಕೂತು, ಫೋನಿನ ಮೇಲೆ ಕಣ್ಣು ನೆಟ್ಟಿದ್ದರು; ಮುಖ ಕೆಂಪಾಗಿತ್ತು.

"ಎಂತ ಆತು?" ಎಂದೆ.

ಇವರು ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿದರು. ಫೋನು ಹೇಳಿತು: "ಆ ಎಳೆಯೋ ಅಕ್ಷರ ಎಲ್ಲಿದ್ದು ಹೇಳಿ ಸಿಕ್ಕಿದ್ದಿಲ್ಲೆ. ನಿನ್ನ ಹೆಸ್ರು ಸಲೀಸು."

ಹಸೀ ಸುಳ್ಳು. ಅದು ಹೆಬ್ಬೆರಳಿನ ಕೆಳಗೇ ಇತ್ತು. ನಾನು ಮಂಚದ ತುದಿಗೆ ಕೂತೆ, ಸೌಟು ಇನ್ನೂ ಕೈಯಲ್ಲೇ ಇತ್ತು, ಕಣ್ಣೊರೆಸಿಕೊಳ್ಳಲು ಇನ್ನೊಂದು ಕೈಯಲ್ಲಿದ್ದ ಸೆರಗು ಸಾಕಾಗಲಿಲ್ಲ. ಇವರು ಫೋನು ಬದಿಗಿಟ್ಟು ನನ್ನ ಕೈಯಿಂದ ಸೌಟು ತೆಗೆದುಕೊಂಡರು.

"ಇನ್ನೊಂದ್ಸಲ ಕರೀರಿ" ಎಂದೆ.

ಕರೆದರು.